ದೇವರಿಗೆ ಹತ್ತಿದ ರುಚಿ

ನಮ್ಮಪ್ಪ ಸುಳ್ಳು ಹೇಳುವ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಕೇಳಿದ ಮೇಲೆ ನೀವು ಅವರ ಬಗ್ಗೆ ಬೇರೇನಾದರೂ ಅಂದುಕೊಳ್ಳಬಹುದು. ಹನುಮಂತರಾಯರು ಎಂದರೆ ಹಿಮಾಯತ್‌ನಗರದ ನಮ್ಮ ಓಣಿಯಲ್ಲಿ ಇವತ್ತಿಗೂ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಜೀವಮಾನವಿಡೀ ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿದ್ದು, ಒಬ್ಬರ ಕೈಯಿಂದ ಒಂದು ಕಪ್ ಚಹಾ ಕುಡಿಯದೆ ರಿಟೈರ್ ಆದವರು.

ನಾನು ಅವರ ಹಿರಿಮಗಳು ನಲಿನಿ. ಅಬಿಡ್ಸ್‌ನ ಪೋಸ್ಟಾಫೀಸಿನಲ್ಲಿ ಪಾರ್ಸೆಲ್ ಕೌಂಟರು ನನ್ನದು. ಮದುವೆ ಆಗಲಿಲ್ಲ, ಆಗಿದ್ದರೆ ಆ ಗಂಡನ ಗತಿ ಏನಾಗುತ್ತಿತ್ತೋ ಎಂದು ತಮ್ಮ ಶ್ರೀಹರ್ಷ ಚೇಷ್ಟೆ ಮಾಡುತ್ತಾನೆ. ಮಾಡಲಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನೆಂದೂ ಮುಚ್ಚಿಟ್ಟವಳಲ್ಲ. ಕೌಂಟರಿನಲ್ಲಿ ಕೂತು ಕೂತು ಜನರ ಮಾತು ನಂಬುವುದನ್ನೂ ಬಿಟ್ಟಿದ್ದೇನೆ. ‘ಇಸ್ ಮೇ ಕ್ಯಾ ಹೈ’, ಒಳಗೇನಿದೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ‘ಕಪಡೇ’. ಸುಳ್ಳಲ್ಲ, ಒಳಗೆ ಬಟ್ಟೆಯೇ ಇರುತ್ತದೆ. ಬಟ್ಟೆಯ ನಡುವೆ ಒಂದು ಉಪ್ಪಿನಕಾಯಿ ಬಾಟಲಿ ಇರುತ್ತದೆ. ಕೇಳಿದರೆ, ಅದನ್ನು ನೀವು ಕೇಳಲೇ ಇಲ್ಲವಲ್ಲ ಎನ್ನುತ್ತಾರೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು.

ಶ್ರೀಹರ್ಷನಿಗೆ ಒಬ್ಬಳೇ ಮಗಳು, ಲಹರಿ. ಹನ್ನೊಂದು ವರ್ಷದವಳು. ದೀಪಾವಳಿಯ ಹೊತ್ತಿಗೆ ಹೊಟ್ಟೆನೋವು ಎಂದು ಶುರುವಾದದ್ದು ಸಂಕ್ರಾಂತಿಯ ಹೊತ್ತಿಗೆ ದಿನಾ ಐದಾರು ಸಲ ಬಚ್ಚಲಿಗೆ ಓಡುವ ತನಕ ಬಂತು. ಸ್ಕೂಲಿನ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಅವಳ ಅವ್ವ ವರ್ಷಾ ಪಿನ್ನು ಹಾಕಿ ಕಳಿಸುತ್ತಿದ್ದಳು. ಕೊನೆಗೆ ಮಕ್ಕಳ ಹೊಟ್ಟೆಯ ಡಾಕ್ಟರು ಸುಮತಿ ಅವರ ಹತ್ತಿರ ಹೋದೆವು. ತೆಲುಗಿನವರು, ಬಳ್ಳಾರಿಯಲ್ಲಿ ಓದಿದವರು. ನಮ್ಮ ಜೊತೆ ಕನ್ನಡದಲ್ಲೇ ಮಾತಾಡಿದರು. ಪೈಪು ಹಾಕಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಕ್ರೋನ್ಸ್ ಕಾಯಿಲೆ ಎಂದರು. ಸಣ್ಣ ಕರುಳು ಮುಗಿಯುವ ಜಾಗದಲ್ಲಿ, ಹೊಟ್ಟೆಯ ಬಲಗಡೆ ಕೆಳಗೆ, ಬಾವು ಬಂದು ದಾರಿ ಇಕ್ಕಟ್ಟಾಗಿದೆ ಎಂದರು. ಆಮೇಲೆ ಒಂದು ರಿಪೋರ್ಟು ಮುಂದಿಟ್ಟರು.

"ಇದು ಕ್ಯಾಲ್ಪ್ರೊಟೆಕ್ಟಿನ್ ಅಂತ ಒಂದು ಪ್ರೋಟೀನು," ಎಂದರು ಡಾಕ್ಟರು. "ಬಿಳಿ ರಕ್ತಕಣಗಳ ಒಳಗೆ ಇರುತ್ತೆ. ಕರುಳಿನ ಗೋಡೇಲಿ ಉರಿಯೂತ ಆದರೆ ಆ ಕಣಗಳು ಅಲ್ಲಿಗೆ ಓಡಿ ಬರ್ತವೆ, ಹೊಡೆದಾಡ್ತವೆ, ಒಡೆದು ಇದನ್ನ ಬಿಟ್ಟು ಹೋಗ್ತವೆ. ಅದು ಮಲದ ಜೊತೆ ಹೊರಗೆ ಬರುತ್ತೆ. ಎಷ್ಟು ಬಂತು ಅಂತ ಅಳೆದರೆ ಒಳಗೆ ಎಷ್ಟು ಗಲಾಟೆ ಅಂತ ತಿಳಿಯುತ್ತೆ. ಪ್ರತಿಸಲ ಪೈಪು ಹಾಕೋದು ಬೇಡ."

ಶ್ರೀಹರ್ಷ ಬಾಯಿ ತೆರೆದುಕೊಂಡು ಕೂತಿದ್ದ. ನಾನೇ ಬಿಡಿಸಿ ಹೇಳಿದೆ. "ಲಾಠಿಚಾರ್ಜ್ ಆದ ಮ್ಯಾಲೆ ರಸ್ತೆದಾಗ ಬಿದ್ದ ಚಪ್ಪಲಿ ಎಣಿಸಿದಂಗ. ಗಲಾಟಿ ನಾವು ನೋಡಿಲ್ಲ. ಚಪ್ಪಲಿ ನೋಡಿದ್ರ ಎಷ್ಟು ಮಂದಿ ಓಡಿದ್ರು ಅಂತ ಗೊತ್ತಾಗ್ತದ."

ಡಾಕ್ಟರು ನಕ್ಕು, "ಕರೆಕ್ಟ್ ಅಂಡಿ" ಎಂದರು. ಐವತ್ತರ ಒಳಗೆ ಇದ್ದರೆ ಚಿಂತೆಯಿಲ್ಲವಂತೆ. ನಮ್ಮ ಹುಡುಗಿಯದು ಸಾವಿರದ ಇನ್ನೂರು. ಆ ಅಂಕಿ ಕೇಳಿದ ಮೇಲೆ ಯಾರೂ ನಗಲಿಲ್ಲ.

ಸ್ಟೀರಾಯ್ಡಿಗಿಂತ ಮೊದಲು ಇನ್ನೊಂದು ದಾರಿ ಇದೆ ಎಂದರು. ಆರೆಂಟು ವಾರ ಊಟ ಪೂರ್ತಿ ಬಂದ್. ಒಂದು ಪುಡಿ ಬರುತ್ತದೆ, ಬೇಕಾದ ಶಕ್ತಿಯೆಲ್ಲ ಅದರಲ್ಲೇ ಇರುತ್ತದೆ, ನೀರಿನಲ್ಲಿ ಕಲಸಿ ಅದನ್ನಷ್ಟೇ ಕುಡಿಯಬೇಕು. ಕರುಳಿಗೆ ವಿಶ್ರಾಂತಿ ಸಿಕ್ಕರೆ ಬಾವು ಇಳಿಯುತ್ತದೆ, ಅಂಕಿಯೂ ಇಳಿಯುತ್ತದೆ. ಇಳಿಯದಿದ್ದರೆ, ಇಕ್ಕಟ್ಟು ಹೆಚ್ಚಾದರೆ, ಆ ತುಂಡು ಕತ್ತರಿಸಿ ತೆಗೆಯಬೇಕು. ಲಹರಿ ಅಲ್ಲೇ ಕೂತು ಎಲ್ಲ ಕೇಳುತ್ತಿದ್ದಳು. ನಮ್ಮಪ್ಪನೂ ಬಂದಿದ್ದರು. ಮೊಮ್ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಒಂದು ಥರ ಉಪವಾಸ ಅಂತ ತಿಳ್ಕೊಳ್ಳಿ ತಾತಗಾರೂ," ಎಂದರು ಡಾಕ್ಟರು.

"ಉಪವಾಸ ನಮಗ ಹೊಸಾದಲ್ಲ," ಎಂದರು ಅಪ್ಪ.

ಡಾಕ್ಟರಿಗೆ ಏನು ಗೊತ್ತು ಪಾಪ, ನಮ್ಮಂಥ ಮನೆಗಳ ಉಪವಾಸ. ಶನಿವಾರ ಉಪವಾಸ ಎಂದರೆ ಸಾಬೂದಾಣಿ ಖಿಚಡಿ, ಅವಲಕ್ಕಿ ಉಪ್ಪಿಟ್ಟು, ಮೇಲೆ ಒಂದು ಲೋಟ ಕೇಸರಿ ಹಾಲು. ಅನ್ನ ಮುಟ್ಟದಿದ್ದರೆ ಆಯಿತು, ಉಪವಾಸ ಉಪವಾಸವೇ. ಉಳಿದ ದಿನ ಐದು ತುತ್ತು ತಿನ್ನುವವರು ಶನಿವಾರ ಹತ್ತು ತಿನ್ನುತ್ತಾರೆ. ಈ ಮಾತು ಅವತ್ತು ನನ್ನ ತಲೆಗೆ ಬರಲಿಲ್ಲ. ಯಾರ ತಲೆಗೂ ಬರಲಿಲ್ಲ.

ಪುಡಿ ಬಂತು. ವರ್ಷಾ ಫ್ರಿಜ್ಜಿನ ಬಾಗಿಲಿಗೆ ಹೊತ್ತಿನ ಚೀಟಿ ಅಂಟಿಸಿ, ಕಣ್ಣಲ್ಲಿ ಕಣ್ಣಿಟ್ಟು ಕುಡಿಸಿದಳು. ಅವಳು ಇದೇ ಊರಿನ ಕುಷಾಯಿಗೂಡದ ಹುಡುಗಿ. ಅವಳ ಅಪ್ಪ ಹಾಸನದ ಕಡೆಯವರು, ಅಲ್ಲಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿದ್ದವರು. ಅವರ ಮನೆಯಲ್ಲಿ ಎಲ್ಲವೂ ಗಡಿಯಾರದ ಪ್ರಕಾರ. ಲಹರಿ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಅವಳೆದುರು ನಾವು ಊಟ ಮಾಡುವುದನ್ನೇ ಬಿಟ್ಟೆವು. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಳ್ಳರ ಹಾಗೆ ನಿಂತುಕೊಂಡೇ ತಿಂದೆವು. ಮನೆಯಲ್ಲಿ ಒಗ್ಗರಣೆಯ ಸದ್ದೇ ಇಲ್ಲ. ಹಸಿದ ಮಗುವಿರುವ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು.

ಎರಡನೇ ಸಲದ ಪರೀಕ್ಷೆಗೆ ಡಬ್ಬಿ ತುಂಬಿಸಿದ ದಿನದ ಪಜೀತಿಯನ್ನೂ ಹೇಳಬೇಕು. ಲ್ಯಾಬಿನವರು ಬರುವತನಕ ಡಬ್ಬಿಯನ್ನು ತಣ್ಣಗಿಡಿ ಎಂದಿದ್ದರು. ದೇವರ ಹಾಲು ಇರುವ ಫ್ರಿಜ್ಜಿನಲ್ಲಿ ಅದನ್ನು ಇಡುವ ಮಾತೇ ಇಲ್ಲ. ಹಳೇ ಐಸ್‌ಕ್ರೀಮ್ ಡಬ್ಬಿಯಲ್ಲಿ ಬರ್ಫ ತುಂಬಿ, ಅದರೊಳಗೆ ಇದನ್ನಿಟ್ಟು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಯುತ್ತ ಕೂತವಳು ನಾನು. ನಾನು ನಡೆದು ಬಂದ ದಾರಿಗೆಲ್ಲ ಅಪ್ಪ ಹಿಂದಿನಿಂದ ನೀರು ಸುರಿಯುತ್ತ ಬಂದರು. ಅಷ್ಟು ಮಡಿ. ನಮ್ಮವ್ವ ತೀರಿದ ಮೇಲೆ ನೈವೇದ್ಯದ ಅಡುಗೆಯನ್ನೂ ಅವರೇ ಮಾಡುತ್ತಾರೆ. ದೇವರ ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಒಲೆ ಇದೆ. ಪೂಜೆ ಮುಗಿಯುವತನಕ ಆ ಕಡೆ ನಾವ್ಯಾರೂ ಸುಳಿಯುವ ಹಾಗಿಲ್ಲ.

ರಿಪೋರ್ಟು ಬಂತು. ಸಾವಿರದ ಐನೂರು.

ಡಾಕ್ಟರು ಈ ಸಲ ನಗಲಿಲ್ಲ. "ಇಷ್ಟು ದಿನ ಬರೀ ಪುಡಿ ಕುಡಿದ ಮಗುವಿಗೆ ಹೀಗೆ ಏರೋದು ಕಡಿಮೆ. ಏನಾದರೂ ತಿಂತಿದಾಳಾ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ವರ್ಷಾ ಇಲ್ಲ ಎಂದಳು. ಶ್ರೀಹರ್ಷ ಇಲ್ಲ ಎಂದ. ನಾನು ಇಲ್ಲ ಎಂದೆ. ಲಹರಿ ಇಲ್ಲವೆಂದು ತಲೆಯಾಡಿಸಿದಳು. ಅಪ್ಪ, "ನಾನು ಕೂಸಿಗೆ ಏನೂ ತಿನಿಸಿಲ್ಲ" ಎಂದರು. ಅವರು ಹೇಳಿದ ಮೇಲೆ ಮುಗಿಯಿತು, ಅದರ ಮೇಲೆ ಪ್ರಶ್ನೆಯಿಲ್ಲ. ಸ್ಕ್ಯಾನಿನಲ್ಲಿ ಆ ದಾರಿ ಇನ್ನೂ ಸಣ್ಣದಾಗಿತ್ತು. ಪೆನ್ಸಿಲ್ಲಿನಷ್ಟು ಎಂದರು.

"ನೆನಪಿಡಿ," ಎಂದರು ಡಾಕ್ಟರು. "ನಾರಿರೋದು, ಗಟ್ಟಿ ಇರೋದು, ಕೊಬ್ಬರಿ, ಶೇಂಗಾ, ಕಾಳು, ಇಂಥದು ಒಂದು ಹಿಡಿ ಅಲ್ಲಿ ಹೋಗಿ ಸಿಕ್ಕಿಕೊಂಡರೆ ಕರುಳು ಕಟ್ಟುತ್ತೆ, ಒಡೆಯಲೂಬಹುದು. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಯಾರೋ ಕೊಡುತ್ತಿದ್ದಾರೆ, ಹಿಡಿಯಲೇಬೇಕು ಎಂದು ಕೈ ತೊಳೆದುಕೊಂಡು ಬೆನ್ನು ಬಿದ್ದೆ. ಮೊದಲು ಭಾಂಡೆ ತಿಕ್ಕುವ ಶರಣಬಸಮ್ಮನನ್ನು ಅಡ್ಡಹಾಕಿದೆ.

"ಅಕ್ಕಾರ, ನಾ ಯಾಕ ಕೊಡ್ಲಿರಿ?" ಎಂದು ಅವಳು ಕೈಯ ಪಾತ್ರೆ ಕೆಳಗಿಟ್ಟಳು. "ನನಗೂ ಮಕ್ಕಳ ಅದಾವು. ಡಾಕ್ಟರ ಬ್ಯಾಡ ಅಂದಾರಂತ ನನಗೂ ಗೊತ್ತೈತಿ. ಇನ್ನೊಮ್ಮಿ ಹಿಂಗ ಕೇಳಿದ್ರ ನಾ ಕೆಲಸಕ್ಕ ಬರಂಗಿಲ್ಲ ನೋಡ್ರಿ."

ವರ್ಷಾ ಮಗಳ ಸ್ಕೂಲ್ ಬ್ಯಾಗು, ದಿಂಬು, ಗೊಂಬೆಯ ಹೊಟ್ಟೆ ಎಲ್ಲ ತಡಕಿದಳು. ಏನೂ ಸಿಗಲಿಲ್ಲ. ಸಿಗದ ಸಿಟ್ಟಿಗೇ ಹುಡುಗಿಯ ಕೆನ್ನೆಗೆ ಒಂದು ಬಿಗಿದಳು. "ಯಾರು ಕೊಡ್ತಿದಾರೆ ಹೇಳು. ನಿಂಗೆ ಹೊಟ್ಟೆ ಕುಯ್ಯಿಸ್ಕೋಬೇಕಾ?" ಲಹರಿ ಅಳಲಿಲ್ಲ. "ನಾ ಏನೂ ತಿಂದಿಲ್ಲ ಮಮ್ಮಿ," ಎಂದಳು. ಆಮೇಲೆ ವರ್ಷಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಮಗೆಲ್ಲ ಕೇಳಿಸಿತು.

ನನಗೆ ಮೊದಲು ಗೊತ್ತಾದದ್ದು ಮೂಗಿನಿಂದ. ಅವತ್ತು ರಜೆ ಹಾಕಿ ಮನೆಯಲ್ಲಿದ್ದೆ. ಬೆಳಗಿನ ಹೊತ್ತು, ದೇವರ ಕೋಣೆಯ ಕಡೆಯಿಂದ ಬೆಲ್ಲ, ಏಲಕ್ಕಿ, ತುಪ್ಪದಲ್ಲಿ ಹುರಿದ ಗೋಡಂಬಿಯ ವಾಸನೆ. ಹಯಗ್ರೀವ. ಕಡಲೆಬೇಳೆ, ಬೆಲ್ಲ, ಒಣಕೊಬ್ಬರಿ ಹಾಕಿ ಮಾಡುವುದು; ನಮ್ಮಲ್ಲಿ ಹಬ್ಬಕ್ಕಷ್ಟೇ. ಅವತ್ತು ಯಾವ ಹಬ್ಬವೂ ಇರಲಿಲ್ಲ. ಅವ್ವ ಹೋದಾಗಿನಿಂದ ನಮ್ಮ ದೇವರಿಗೆ ನೈವೇದ್ಯ ಎಂದರೆ ಹಾಲು ಸಕ್ಕರೆ, ಹೆಚ್ಚೆಂದರೆ ಎರಡು ಬಾಳೆಹಣ್ಣು. ಹಿಂದಿನ ದಿನ ಸಜ್ಜಿಗೆಯ ವಾಸನೆ ಬಂದಿತ್ತು, ಅದರ ಹಿಂದಿನ ದಿನ ಶಾವಿಗೆ ಪಾಯಸದ್ದು. ವರ್ಷಗಟ್ಟಲೆ ಹಾಲು ಸಕ್ಕರೆಯಲ್ಲಿ ಸುಮ್ಮನಿದ್ದ ದೇವರಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ರುಚಿ ಹತ್ತಿತು?

ಮಡಿಗಿಡಿ ನೋಡದೆ ಬಾಗಿಲಿಗೆ ಹೋಗಿ ನಿಂತೆ.

ಅಪ್ಪ ಮಣೆಯ ಮೇಲೆ ಕೂತಿದ್ದರು. ಎದುರಿಗೆ ಲಹರಿ, ಸ್ನಾನ ಮಾಡಿ, ತಲೆ ಬಾಚಿ, ಎಡಗೈ ಮೇಲೆ ಬಲಗೈ ಇಟ್ಟು ಚಾಚಿದ್ದಳು. ಅಪ್ಪ ತೀರ್ಥ ಹಾಕಿದರು, ಅವಳು ಕುಡಿದಳು. ತುಳಸಿ ಹಾಕಿದರು. ಆಮೇಲೆ ಬೆಳ್ಳಿ ಬಟ್ಟಲಿನಿಂದ ಹಯಗ್ರೀವ ಅವಳ ಅಂಗೈಗೆ ಬಿತ್ತು. ಒಂದು ಚಮಚ, ಎರಡು, ಮೂರು. ಅವಳು ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

"ಅಜ್ಜಾ, ನಾಳೆ ದೇವರಿಗೆ ಏನು ಮಾಡ್ತೀ?"

"ನೀನೇ ಹೇಳು."

"ಶೇಂಗಾದುಂಡಿ."

ನಾನು ಹೊಸಿಲು ದಾಟಿದೆ. "ಅಪ್ಪಾ, ಏನು ಮಾಡ್ಲಿಕ್ಕತ್ತೀರಿ?"

ಅಪ್ಪ ತಿರುಗಿ ನೋಡಿದರು. ಗಾಬರಿಯಿಲ್ಲ, ಕಳ್ಳತನವಿಲ್ಲ. "ಪ್ರಸಾದ ಕೊಡ್ಲಿಕ್ಕತ್ತೀನಿ. ಯಾಕ?"

"ಡಾಕ್ಟರ್ ಕೇಳಿದಾಗ ಏನೂ ತಿನಿಸಿಲ್ಲ ಅಂದ್ರಿ."

"ತಿನಿಸಿಲ್ಲ. ಪ್ರಸಾದಕ್ಕ ತಿನ್ನೂದು ಅಂತ ಯಾರಂತಾರ ನಲಿನಿ? ಊಟ ಬ್ಯಾರೆ, ಪ್ರಸಾದ ಬ್ಯಾರೆ. ಪರಮಾತ್ಮ ಸ್ವೀಕಾರ ಮಾಡಿದ್ದು ಅದು. ಕೂಸು ಹಸಿದು ಕಡ್ಡಿ ಆಗ್ಲಿಕ್ಕತ್ತದ. ಔಷಧ ನೀವು ಕೊಡ್ರಿ, ಬ್ಯಾಡ ಅನ್ನೂದಿಲ್ಲ. ದೇವರದು ನಾ ಕೊಡ್ತೀನಿ."

ಲಹರಿ ನನ್ನ ಕಡೆ ನೋಡಿದಳು, ನನಗೆ ಸಮಾಧಾನ ಹೇಳುವವಳಂತೆ. "ಅತ್ಯಾ, ಅದು ಊಟ ಅಲ್ಲ. ನೀರು ತಿರುಗಿಸಿ, ತುಳಸಿ ಹಾಕಿ, ಗಂಟಿ ಬಾರಿಸಿದ ಮ್ಯಾಲೆ ಅದು ಬ್ಯಾರೆ ಆಗಿಬಿಡ್ತದ."

ನಾನು ನೆಲದ ಮೇಲೆ ಕೂತುಬಿಟ್ಟೆ. ಸಿಟ್ಟು ಎಲ್ಲಿ ಹೋಯಿತೋ. "ಅಪ್ಪಾ," ಎಂದೆ, "ಕರುಳಿಗೆ ಗೊತ್ತಾಗೂದಿಲ್ಲ, ಅದು ದೇವರಿಗೆ ತೋರಿಸಿದ್ದೋ ತೋರಿಸದ್ದೋ ಅಂತ. ಅದಕ್ಕ ಕಡಲಿಬ್ಯಾಳಿ ಕಡಲಿಬ್ಯಾಳಿನ. ಆ ಸಾವಿರದ ಐನೂರು ಎಲ್ಲಿಂದ ಬಂತು ಅಂತ ತಿಳಕೊಂಡೀರಿ?"

ಅಪ್ಪ ಬೆಳ್ಳಿ ಬಟ್ಟಲನ್ನು ಲಹರಿಯ ಮುಂದಿನಿಂದ ಹಿಂದಕ್ಕೆ ಸರಿಸಿದರು. ಮರುದಿನದಿಂದ ದೇವರಿಗೆ ಮತ್ತೆ ಹಾಲು ಸಕ್ಕರೆ. ಬೆಳಗ್ಗೆ ಲಹರಿ ಅಭ್ಯಾಸದಂತೆ ಬಂದು ಕೈ ಚಾಚಿದಳು. ಅಪ್ಪ ತೀರ್ಥವನ್ನೂ ಹಾಕಲಿಲ್ಲ. ಅವಳು ಖಾಲಿ ಅಂಗೈಯನ್ನು ತಲೆಗೆ ಒರೆಸಿಕೊಂಡು ಹೋದಳು.

ಡಾಕ್ಟರಿಗೆ ಎಲ್ಲ ಹೇಳಿದೆವು. ಅವರು ಬೈಯಲಿಲ್ಲ. ಇದೇ ಕಾರಣವೋ ಅಥವಾ ಕಾಯಿಲೆಯೇ ಹಟಮಾರಿಯೋ ತಾನು ಖಚಿತವಾಗಿ ಹೇಳಲಾರೆ, ಮತ್ತೆ ಮೊದಲಿನಿಂದ ಶುರು ಮಾಡೋಣ ಎಂದರು. ಅಂಕಿ ಇಳಿದರೆ ಸರಿ, ಏರಿದರೆ ಇನ್ನು ಕಾಯುವುದಿಲ್ಲ ಎಂದೂ ಹೇಳಿದರು. ಮೂರು ವಾರ ನಾವು ಆ ಮನೆಯಲ್ಲಿ ಉಸಿರು ಬಿಗಿಹಿಡಿದು ಓಡಾಡಿದೆವು. ಬೇಸಿಗೆ ಏರುತ್ತಿತ್ತು. ಲಹರಿ ಶಾಂತವಾಗಿದ್ದಳು, ಪುಡಿಯ ನೀರನ್ನು ಮೂಗು ಮುಚ್ಚದೆ ಕುಡಿಯುತ್ತಿದ್ದಳು. ಜಾಣೆ, ಅರ್ಥ ಮಾಡಿಕೊಂಡಳು ಎಂದುಕೊಂಡೆವು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳು ದೇವರ ಕೋಣೆಯಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಪಾಪ, ತನಗೆ ವಾಸಿಯಾಗಲಿ ಎಂದು ಬೇಡಿಕೊಳ್ಳುತ್ತಾಳೆ ಎಂದಳು ವರ್ಷಾ.

ಮೂರನೇ ರಿಪೋರ್ಟು ಶನಿವಾರ ಸಂಜೆ ಶ್ರೀಹರ್ಷನ ಫೋನಿಗೆ ಬಂತು. ಅವನು ಓದಿ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಎರಡು ಸಾವಿರ ದಾಟಿತ್ತು. ಸೋಮವಾರ ಬೆಳಗ್ಗೆ ಅಡ್ಮಿಟ್ ಮಾಡಿ, ಆಪರೇಷನ್‌ಗೆ ತಯಾರಾಗಿ ಬನ್ನಿ ಎಂದು ಡಾಕ್ಟರು ಹೇಳಿದರು. ಅಲ್ಲಿಯತನಕ ಜೋಪಾನ, ವಾಂತಿಯಾದರೆ, ಹೊಟ್ಟೆ ಉಬ್ಬಿದರೆ ತಕ್ಷಣ ಕರೆತನ್ನಿ ಎಂದರು.

ಶ್ರೀಹರ್ಷ ಅಪ್ಪನ ಎದುರಿಗೆ ಹೋಗಿ ನಿಂತ.

"ನಾ ಕೊಟ್ಟಿಲ್ಲ," ಎಂದರು ಅಪ್ಪ.

"ಹೋದಸಲಾನೂ ಹಿಂಗ ಅಂದಿದ್ರಿ."

"ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನೋ ಹರ್ಷ?"

ಶ್ರೀಹರ್ಷ ಒಳಗೆ ಹೋದ. ಅಪ್ಪ ನನ್ನ ಕಡೆ ನೋಡಿದರು. ನಾನು ನಂಬುತ್ತೇನೆ ಎಂದು ಹೇಳಬೇಕಿತ್ತು. ಆದರೆ ನಾನೂ ನಂಬಿರಲಿಲ್ಲ. ಎಂಬತ್ತು ವರ್ಷ ಬಾಳಿದ ಮನುಷ್ಯ ಅವತ್ತು ಮೊದಲ ಸಲ ತಮ್ಮ ಮನೆಯಲ್ಲೇ ಸುಳ್ಳುಗಾರರಾದರು. ಅವತ್ತು ಅವರು ಊಟಕ್ಕೆ ಏಳಲಿಲ್ಲ.

ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯಾನು ನಿಂತು, ಓಣಿಯಲ್ಲಿ ಆಟೋದ ಸದ್ದೂ ಇಲ್ಲ. ವರ್ಷಾ ಆಸ್ಪತ್ರೆಗೆ ಬಟ್ಟೆ ಜೋಡಿಸಿಟ್ಟು ಕಣ್ಣು ಮುಚ್ಚಿದ್ದಳು. ಶ್ರೀಹರ್ಷ ಹೊರಗೆ ಹೋಗಿದ್ದ. ನಾನು ಚಾಪೆಯ ಮೇಲೆ ಬೆವರುತ್ತ ಬಿದ್ದಿದ್ದೆ. ಆಗ ಗಂಟೆಯ ಸದ್ದು ಕೇಳಿತು. ಪೂಜೆಯ ಗಂಟೆ ಹಾಗಿರುವುದಿಲ್ಲ. ಒಳಗಿನ ನಾಲಿಗೆಯನ್ನು ಬೆರಳಲ್ಲಿ ಹಿಡಿದು, ಯಾರಿಗೂ ಕೇಳದಂತೆ ಬಾರಿಸಿದರೆ ಹೇಗಿರುತ್ತದೋ ಹಾಗಿತ್ತು.

ಅಪ್ಪನೇ ಎಂದುಕೊಂಡೆ. ಇವತ್ತು ಕೈಯಾರೆ ಹಿಡಿಯುತ್ತೇನೆ ಎಂದು ಎದ್ದೆ. ನಡುಮನೆಗೆ ಬಂದರೆ ಅಪ್ಪ ತಮ್ಮ ಕುರ್ಚಿಯಲ್ಲೇ ಕೂತಿದ್ದರು, ಅವರೂ ಕಿವಿ ಆ ಕಡೆ ಕೊಟ್ಟಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಕುರ್ಚಿಯ ಕೈ ಹಿಡಿದು ಎದ್ದು ನನ್ನ ಹಿಂದೆ ಬಂದರು.

ದೇವರ ಕೋಣೆಯಲ್ಲಿ ಲಹರಿ ಅಪ್ಪನ ಮಣೆಯ ಮೇಲೆ, ಅಪ್ಪನ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎದುರಿಗೆ ಬೆಳ್ಳಿ ಬಟ್ಟಲು. ಅದರಲ್ಲಿ ಅಡುಗೆಮನೆಯ ಡಬ್ಬಿಯಿಂದ ತಂದ ಹುರಿದ ಶೇಂಗಾ, ಪಕ್ಕದಲ್ಲಿ ಒಣಕೊಬ್ಬರಿಯ ಒಂದು ಗಿಟಕು. ಶೇಂಗಾದ ಮೇಲೆ ಒಂದು ತುಳಸಿ ಎಲೆ. ಬಟ್ಟಲಿನ ಸುತ್ತ ನೀರಿನ ಗೆರೆ ಇನ್ನೂ ಒದ್ದೆಯಾಗಿತ್ತು. ಗಂಟೆ ಕೆಳಗಿಟ್ಟು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಿದ್ದಳು.

"ಲಹರೀ," ಎಂದೆ.

"ತಡಿ ಅತ್ಯಾ, ದೇವರು ತಗೋಳಿಕ್ಕತ್ತಾರ," ಎಂದಳು ಕಣ್ಣು ತೆರೆಯದೆ. ಆಮೇಲೆ ತೆರೆದಳು. ಮುಖದಲ್ಲಿ ಒಂದಿಷ್ಟೂ ಅಂಜಿಕೆಯಿರಲಿಲ್ಲ. "ಆತು. ಈಗ ಇದು ಊಟ ಅಲ್ಲ. ನಾ ದಿನಾ ಸರಿಯಾಗಿ ಮಾಡ್ತೀನಿ, ಅಜ್ಜ ಮಾಡಿದಂಗ. ಒಂದು ದಿನಾನೂ ಹಂಗ ತಿಂದಿಲ್ಲ."

ಅವಳ ದೃಷ್ಟಿ ನನ್ನನ್ನು ದಾಟಿ ಹಿಂದೆ ನಿಂತಿದ್ದ ಅಪ್ಪನ ಮೇಲೆ ಹೋಯಿತು. ಒಂದು ಹಿಡಿ ಶೇಂಗಾ, ಒಂದು ಚೂರು ಕೊಬ್ಬರಿ ತೆಗೆದು ಮುಂದಕ್ಕೆ ಚಾಚಿದಳು.

"ಅಜ್ಜಾ, ಪ್ರಸಾದ."

ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೂ ಅವರ ಬಲಗೈ ತಾನಾಗಿಯೇ ಎಡಗೈಯ ಮೇಲೆ ಬಂದು, ಅಂಗೈ ಗುಳಿಯಾಗಿ ಮುಂದೆ ಹೋಯಿತು. ಪ್ರಸಾದ ಬೇಡ ಎಂದು ಅವರು ಜೀವಮಾನದಲ್ಲಿ ಎಂದೂ ಅಂದವರಲ್ಲ. ಲಹರಿ ಅವರ ಅಂಗೈಗೆ ಹಾಕಿದಳು, ಒಂದು ಕಾಳೂ ಕೆಳಗೆ ಬೀಳದಂತೆ.

ನಾನು ಬಗ್ಗಿ ಬಟ್ಟಲು ಕಸಿದುಕೊಂಡೆ. ಅದು ಹಗುರವಾಗಿತ್ತು. ಗಿಟಕಿನಲ್ಲಿ ಅರ್ಧ ಆಗಲೇ ಇರಲಿಲ್ಲ, ಕಚ್ಚಿದ ಅಂಚು ಇನ್ನೂ ಒದ್ದೆಯಾಗಿತ್ತು. ಇದು ಇವತ್ತಿನ ಎಷ್ಟನೇ ನೈವೇದ್ಯ ಎಂದು ಕೇಳಲು ಬಾಯಿ ತೆರೆದೆ.

"ಅತ್ಯಾ," ಎಂದಳು ಲಹರಿ. ಅವಳ ಎಡಗೈ ಹೊಟ್ಟೆಯ ಬಲಗಡೆ, ಕೆಳಗೆ, ಒತ್ತಿ ಹಿಡಿದಿತ್ತು. "ಇಲ್ಲೆ ಏನೋ ನಿಂತಂಗ ಆಗ್ಯದ."